ಕಣ್ಣಿಗೆ ಬಿಟ್ಟ ಹಾಲು

ಬಡವನಹಳ್ಳಿಯ ಸಂತೆ ಮೈದಾನದಲ್ಲಿ ಕಬ್ಬಿಣದ ಶೆಡ್ಡು ಏಳುತ್ತಿದ್ದಾಗ ನಾನು ಅದರ ಎದುರಿನ ಹೆರಿಗೆ ಮನೆಯಲ್ಲಿ ನರ್ಸಾಗಿದ್ದೆ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಅದುವರೆಗೆ ಸಂತೆಯ ದಿನ ಹುಣಸೆಹಣ್ಣು, ಹುರುಳಿ, ಮೆಣಸಿನಕಾಯಿ ಎಲ್ಲವೂ ಬಯಲಲ್ಲೇ ರಾಶಿ ಬೀಳುತ್ತಿದ್ದವು. ಈಗ ತಗಡಿನ ಚಾವಣಿ ಬರುತ್ತದೆಂದು ಊರಿಗೆಲ್ಲ ಹುರುಪು. ಅಲ್ಲಿಗೆ ಕರೆಂಟು ಬಂದಿರಲಿಲ್ಲ. ಗುತ್ತಿಗೆದಾರ ಡೀಸೆಲ್ ಎಂಜಿನ್ನಿನಿಂದ ನಡೆಯುವ ವೆಲ್ಡಿಂಗ್ ಯಂತ್ರವೊಂದನ್ನು ತರಿಸಿದ್ದ. ಅದು ಶುರುವಾದರೆ ನಮ್ಮ ಕಿಟಕಿಯ ಗಾಜು ಅದುರುತ್ತಿತ್ತು, ವಾರ್ಡಿನ ಗೋಡೆಯ ಮೇಲೆ ನೀಲಿ ಬೆಳಕು ಛಳಛಳ ಹೊಡೆಯುತ್ತಿತ್ತು. ಬಾಣಂತಿಯರು ಕೂಸುಗಳ ಮುಖಕ್ಕೆ ಸೆರಗು ಮುಚ್ಚುವುದನ್ನು ನೋಡಿ ನಾನು ಕಿಟಕಿಗೆ ಕಂಬಳಿ ಕಟ್ಟಿಸಿದೆ. ಆ ಬೆಳಕಿನ ಹತ್ತಿರವೇ ನಿಂತು ಕೆಲಸ ಮಾಡುವವರ ಕಣ್ಣಿನ ಬಗ್ಗೆ ನನಗೆ ಯೋಚನೆಯೇ ಬರಲಿಲ್ಲ.

ಕೆಲಸದವರು ನಾಲ್ವರು. ಮೇಸ್ತ್ರಿ ಪಾವಗಡದ ಕಡೆಯವನು. ಸಮುದ್ರದ ಊರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತು ಬಂದವನಂತೆ. ಮಾತಿನಲ್ಲಿ ಅರ್ಧ ತೆಲುಗು. ಅವನ ಕೈಯಲ್ಲಿ ಕಪ್ಪು ಗಾಜಿನ ಹಿಡಿಮುಖವಾಡ ಒಂದಿತ್ತು. ಉಳಿದ ಮೂವರಿಗೆ ಏನೂ ಇರಲಿಲ್ಲ. ಅವರಲ್ಲಿ ಇಬ್ಬರು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಹಿಡಿದುಕೊಂಡು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಮೂರನೆಯವನು ಸಿರಾದವನು, ಎಲ್ಲರೂ ಅವನನ್ನು ಸಾಬರು ಎಂದೇ ಕರೆಯುತ್ತಿದ್ದರು. ಅಪ್ಪನ ಕಾಲದಿಂದ ಕುಲುಮೆ ಕೆಲಸದ ಮನೆ. ಬೆಸುಗೆಯ ಮೇಲೆ ಕಟ್ಟುವ ಕರಿ ಹೊಪ್ಪಳೆಯನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುವುದು, ಹೆಚ್ಚಾದ ಕಬ್ಬಿಣವನ್ನು ಉಳಿಯಿಂದ ಕಡಿಯುವುದು ಅವನ ಕೆಲಸ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಸ್ತ್ರಿ ಮುಂದೆ, ಅವನ ಭುಜ ಹಿಡಿದು ಒಬ್ಬ, ಆ ಒಬ್ಬನ ಭುಜ ಹಿಡಿದು ಇನ್ನೊಬ್ಬ, ಹೀಗೆ ಸಾಲಾಗಿ ನಮ್ಮ ಗೇಟಿನೊಳಗೆ ಬಂದರು. ಹಿಂದಿನ ಮೂವರ ಕಣ್ಣೂ ಮುಚ್ಚಿದ್ದವು. ಕೆನ್ನೆಯ ಮೇಲೆ ನೀರು ಒಂದೇ ಸಮನೆ ಇಳಿಯುತ್ತಿತ್ತು. ಎದುರಿನ ಕಾಫಿ ಹೋಟೆಲಿನಲ್ಲಿ ಕೂತವರು, "ಹೆಂಡ ಏರ್ಸ್ಕೊಂಡು ಹೆರಿಗೆ ಮನೆಗೆ ಹೊಂಟವ್ರಲ್ಲಪ್ಪೋ" ಎಂದು ನಗುತ್ತಿದ್ದರು.

ನಮ್ಮಲ್ಲಿಗೆ ಗಂಡಸರು ಬರುವ ಪದ್ಧತಿಯಿರಲಿಲ್ಲ. ಹೆಂಡತಿಗೆ ನೋವು ಬಂದಾಗಲೂ ಗಂಡ ಗೇಟಿನಾಚೆ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಇವರು ಸೀದಾ ಜಗಲಿಗೆ ಬಂದು ಕುಸಿದರು. ಒಳಗಿನ ಹೆಂಗಸರು ಗಡಬಡಿಸಿ ಮೈಮುಚ್ಚಿಕೊಂಡರು.

"ಇದು ಬಾಣಂತಿಯರ ಆಸ್ಪತ್ರೆ, ಮಧುಗಿರಿಗೆ ಹೋಗಿ" ಎಂದೆ.

"ಈ ಹೊತ್ನಲ್ಲಿ ಬಸ್ಸೆಲ್ಲೈತಮ್ಮಾ? ಕಣ್ಣಾಗೆ ಮರಳು ಹೊಯ್ದಂಗೆ ಆಗೈತಂತೆ. ತಾಳ್ಳಾರ್ರು. ನಿಮ್ಮ ಕಾಳ್ಳಕು ಬೀಳ್ತೀನಿ ತಲ್ಲೀ" ಎಂದ ಮೇಸ್ತ್ರಿ.

ನಾನು ಕಲಿತದ್ದು ಹೆರಿಗೆಯ ಕೆಲಸ ಮಾತ್ರ. ಆಗತಾನೇ ಹುಟ್ಟಿದ ಕೂಸುಗಳ ಕಣ್ಣಿಗೆ ಬಿಡುವ ಹನಿ ಬಿಟ್ಟರೆ ಕಣ್ಣಿನ ಔಷಧವೆಂಬುದು ನಮ್ಮ ಬೀರುವಿನಲ್ಲಿರಲಿಲ್ಲ. ಬೋರಿಕ್ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ತಂದೆ. ರೆಪ್ಪೆ ಎತ್ತಿ ತೊಳೆಯಬೇಕೆಂದು ಗೊತ್ತಿತ್ತು. ಆದರೆ ನನಗೆ ಮದುವೆಯಾಗಿರಲಿಲ್ಲ, ದೊಡ್ಡ ಗಂಡಸಿನ ಮುಖವನ್ನು ಅದುವರೆಗೆ ಮುಟ್ಟಿರಲಿಲ್ಲ, ಹಿಂದೆ ಬಾಗಿಲಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಹತ್ತಿಯುಂಡೆ ಅದ್ದಿ ಮೇಲಿನಿಂದಲೇ ಹಿಂಡಿದೆ. ನೀರು ಮುಚ್ಚಿದ ರೆಪ್ಪೆಯ ಮೇಲೆ ಹರಿದು ಗಡ್ಡಕ್ಕಿಳಿಯಿತು.

ನಮ್ಮ ಆಯಾ ಊರಿನವಳೇ, ವಯಸ್ಸಾದ ಹೆಂಗಸು. "ಇದ್ಕೆಲ್ಲ ನೀರು ಏನ್ ಮಾಡ್ತದೆ ಬುಡವ್ವ, ಎದೆಹಾಲು ಬುಡ್ಬೇಕು. ಕಣ್ಣು ತಣ್ಣಗಾಯ್ತದೆ" ಎಂದಳು.

ನಾನು ಬೇಡವೆನ್ನುವಷ್ಟರಲ್ಲಿ ಮಾತು ಬೇಲಿಯಾಚೆ ಹೋಗಿತ್ತು. ಹಿಂದಿನ ಓಣಿಯಲ್ಲಿ ನಮ್ಮಲ್ಲೇ ಹೆತ್ತು ಹೋಗಿದ್ದ ಬಾಣಂತಿಯೊಬ್ಬಳಿದ್ದಳು. ಚೊಚ್ಚಲು, ಗಂಡುಮಗು, ತುಂಬಿದ ಹಾಲು. ಅವಳ ಅತ್ತೆ ಸ್ವತಃ ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಹಾಲು ಹಿಡಿದುಕೊಂಡು ಬಂದರು. "ನನ್ನ ಸೊಸೆ ಹಾಲು ಕಣಮ್ಮ, ಬಾಳೆದಿಂಡಿನಂಗೆ ತಣ್ಣಗೈತೆ" ಎಂದು ಹೆಮ್ಮೆಯಿಂದ ಕೊಟ್ಟರು. ಆಯಾ ಒಬ್ಬೊಬ್ಬರ ತಲೆಯನ್ನೂ ಹಿಂದಕ್ಕೆ ಬಾಗಿಸಿ ಕಣ್ಣಿಗೆ ಬಿಟ್ಟಳು. ಸರದಿ ಬಂದಾಗ ಸಾಬರು ಮುಖ ಪಕ್ಕಕ್ಕೆ ತಿರುಗಿಸಿ, "ಪರಸ್ತ್ರೀ ಹಾಲು, ಶರಮ್ ಆಗ್ತೈತೆ ಅಮ್ಮಾ" ಎಂದ. ಆಯಾ ಅವನ ಗದ್ದ ಹಿಡಿದು ತಿರುಗಿಸಿ, "ಕಣ್ಣಿಗೆ ಏನ್ಲಾ ನಾಚ್ಕೆ" ಎಂದು ಬಿಟ್ಟೇಬಿಟ್ಟಳು. ನಾನು ಬೋರಿಕ್ ನೀರಿನ ಬಟ್ಟಲು ಹಿಡಿದು ನಿಂತೇ ಇದ್ದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಹಿಡಿಯುವ ಇಬ್ಬರಿಗೂ ಕಣ್ಣು ಬಿಡಲು ಬಂತು. ಸಂಜೆಗೆ ಪೂರ್ತಿ ವಾಸಿ. ವೆಲ್ಡಿಂಗ್ ಬೆಳಕು ಹೊಡೆದ ಕಣ್ಣು ತಾನಾಗಿಯೇ ಅಷ್ಟರಲ್ಲಿ ಸರಿಹೋಗುತ್ತದೆಂದು ನನಗೆ ಆಮೇಲೆ ತಿಳಿಯಿತು. ಓಣಿಯಲ್ಲಿ ಮಾತ್ರ ಬಾಣಂತಿಯ ಹಾಲಿಗೆ ಹೆಸರು ಬಂತು. ಅತ್ತೆ ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿದ್ದೇ ಹೇಳಿದ್ದು.

ಸಾಬರು ಕೆಲಸಕ್ಕೆ ಬಂದಿಲ್ಲವೆಂಬುದು ನನಗೆ ಗೊತ್ತೇ ಆಗಲಿಲ್ಲ. ಅದಾಗಿ ಎರಡು ದಿನದ ಮೇಲೆ ಬೆಳಿಗ್ಗೆ ನಾನು ಬಾಣಂತಿ ಮತ್ತು ಮಗುವನ್ನು ನೋಡಲು ಎಂದಿನಂತೆ ಅವರ ಮನೆಗೆ ಹೋದೆ. ಬಾಗಿಲಲ್ಲೇ ಮಲ್ಲಿಗೆಯ ವಾಸನೆ ಗಮ್ಮೆಂದಿತು. ಬಾಣಂತಿಗೆ ಯಾರು ಹೂ ಮುಡಿಸಿದರು ಎಂದುಕೊಂಡು ಒಳಗೆ ಹೋದರೆ, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅತ್ತೆಯ ಮಡಿಲಲ್ಲಿ ಮಗು. ಅತ್ತೆ ಅದಕ್ಕೆ ಒಳಲೆಯಿಂದ ಮೇಕೆ ಹಾಲು ಹಾಕುತ್ತಿದ್ದರು.

"ತಾಯಿ ಹಾಲಿಗೆ ಏನಾಯ್ತಮ್ಮ?" ಎಂದೆ.

"ಅದನ್ನ ಯಾಕ್ ಕೇಳ್ತೀಯವ್ವ. ಆ ಸಾಬ್ರ ಕಣ್ಣು ಕೊಳ್ತೋಗ್ತಾ ಐತಂತೆ. ಹಾಲು ಬುಟ್ಮ್ಯಾಗೇ ಜಾಸ್ತಿ ಆಯ್ತು ಅಂತ ಅವ್ನೇ ಅಂದ್ನಂತೆ. ಸಂತೇಲೆಲ್ಲ ಅದೇ ಮಾತು. ಕಣ್ಣು ತಿನ್ನೋ ಹಾಲು ಮಗೀನ್ ಕರುಳು ಬುಟ್ಟಾತಾ? ಎದೆಗೆ ಮಲ್ಲಿಗೆ ಹೂ ಕಟ್ಟಿವ್ನಿ. ಹಾಲು ಬತ್ತೋಗ್ಲಿ."

ನಾನು ಬಾಣಂತಿಯ ಪಕ್ಕ ಕೂತು ಮೆಲ್ಲಗೆ ಸೆರಗು ಸರಿಸಿದೆ. ಎದೆಯ ಮೇಲೆ ಬಿಗಿಯಾಗಿ ಬಟ್ಟೆ, ಅದರೊಳಗೆ ಜಜ್ಜಿದ ಮಲ್ಲಿಗೆ. ಎದೆ ಕಲ್ಲಿನಂತೆ ಗಟ್ಟಿಯಾಗಿ ಕೆಂಪೇರಿತ್ತು. ಮೈ ಸುಡುತ್ತಿತ್ತು. ಅವಳು ಕಣ್ಣು ತೆರೆಯದೆ, "ನಾನು ಏನೂ ತಿನ್ಬಾರದ್ದು ತಿಂದಿಲ್ಲ ನರ್ಸಮ್ಮ" ಎಂದಳು. ಮಗುವಿನ ಬಟ್ಟೆ ಹಸಿರು ನೀರಿನಿಂದ ನೆನೆದಿತ್ತು. ಮೇಕೆ ಹಾಲು ಅದಕ್ಕೆ ಒಗ್ಗಿರಲಿಲ್ಲ. ಬೇಸಿಗೆ ಬೇರೆ. ಹೀಗೇ ಬಿಟ್ಟರೆ ಆ ಎಳೆಯ ಜೀವ ಎಷ್ಟು ದಿನ ತಾಳುತ್ತದೆಂದು ಹೇಳಲು ದೊಡ್ಡ ಓದು ಬೇಕಾಗಿರಲಿಲ್ಲ.

ನಾನು ಎಷ್ಟು ಹೇಳಿದರೂ ಅತ್ತೆ ಹೂವು ಬಿಚ್ಚಲು ಒಪ್ಪಲಿಲ್ಲ. ಅಲ್ಲಿಂದ ಸೀದಾ ಸಂತೆ ಮೈದಾನಕ್ಕೆ ಹೋದೆ. ಮೇಸ್ತ್ರಿ ಸಾಮಾನು ತರಲು ಸಿರಾಕ್ಕೆ ಹೋಗಿದ್ದ. ತಗಡುಗಳನ್ನು ಒರಗಿಸಿದ್ದ ನೆರಳಿನಲ್ಲಿ ಸಾಬರು ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದ.

"ಕಣ್ಣು ನೋಡಬೇಕು" ಎಂದೆ.

"ಬೇಡ ನರ್ಸಮ್ಮ. ಎರಡು ದಿನ ಆದ್ರೆ ಹೋಗ್ತೈತೆ. ಎಲ್ಲಾ ನೋಡ್ತಾವ್ರೆ."

ನಿಜವಾಗಿಯೂ ಎಲ್ಲರೂ ನೋಡುತ್ತಿದ್ದರು. ಕಾಫಿ ಹೋಟೆಲಿನ ಬೆಂಚು ಪೂರಾ ನಮ್ಮ ಕಡೆಗೇ ತಿರುಗಿತ್ತು. ನನ್ನ ಕಿವಿ ಬಿಸಿಯಾಯಿತು. ಮಂಡಿಯೂರಿ ಕೂತು ಟವೆಲು ತೆಗೆದೆ. ಎಡಗೈಯಿಂದ ಅವನ ಹಣೆ ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಊದಿದ ರೆಪ್ಪೆ ಎತ್ತಿದೆ. ಬಲಗಣ್ಣಿನ ಬಿಳಿಯ ಭಾಗವೆಲ್ಲ ರಕ್ತ. ಕಪ್ಪು ಗುಡ್ಡೆಯ ಮೇಲೆ ಬೂದಿಬಣ್ಣದ ಚುಕ್ಕೆ, ಆ ಚುಕ್ಕೆಯ ನಡುವೆ ಸಣ್ಣ ಕರಿ ಬಿಂದು. ಗುಡ್ಡೆಯ ತಳದಲ್ಲಿ ತೆಳುವಾದ ಬಿಳಿ ಗೆರೆ, ಅದು ಕೀವು.

"ಉಳಿಯಿಂದ ಕಡಿಯುವಾಗ ಏನಾದರೂ ಸಿಡಿದಿತ್ತಾ?"

"ಸಿಡೀತಾನೇ ಇರ್ತೈತಮ್ಮ. ಅವತ್ತು ಒಂದು ಚುಚ್ಚಿದಂಗಾಯ್ತು. ಸಂಜೆ ಮೂರೂ ಜನಕ್ಕೂ ಉರಿ ಬಂತಲ್ಲ, ಇದೂ ಅದೇ ಅಂದ್ಕೊಂಡೆ."

ನಮ್ಮ ಹೆರಿಗೆ ಮನೆಗೆ ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ಕಾಯುವಂತಿರಲಿಲ್ಲ. ಇವನನ್ನು ಮಧುಗಿರಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಜೊತೆಗಿದ್ದ ಇಬ್ಬರನ್ನು ಕೇಳಿದೆ. ಕಬ್ಬಿಣ ಕಾಯಬೇಕು, ಮೇಸ್ತ್ರಿ ಬಂದಮೇಲೆ ನೋಡೋಣ ಎಂದರು. ವಾರ್ಡಿನಲ್ಲಿ ಆ ದಿನ ನೋವು ತಿನ್ನುತ್ತಿದ್ದವರು ಯಾರೂ ಇರಲಿಲ್ಲ. ವಾರ್ಡು ನೋಡಿಕೊಳ್ಳಲು ಆಯಾಗೆ ಹೇಳಿ, ಅವನ ಎರಡೂ ಕಣ್ಣಿಗೆ ಶುದ್ಧವಾದ ಬಟ್ಟೆಯ ಪಟ್ಟಿ ಕಟ್ಟಿದೆ. ಒಂದು ಕಣ್ಣು ಹೊರಳಿದರೆ ಇನ್ನೊಂದೂ ಹೊರಳುತ್ತದೆ. ಎರಡನ್ನೂ ಮುಚ್ಚಿದರೇ ನೋವಿನ ಕಣ್ಣಿಗೆ ವಿಶ್ರಾಂತಿ. ಮಧುಗಿರಿಯ ಬಸ್ಸು ಹತ್ತಿಸಿ ನಾನೂ ಹತ್ತಿದೆ.

ಹೆಂಗಸರ ಸೀಟಿನಲ್ಲಿ ಅವನನ್ನು ಕೂರಿಸುವಂತಿಲ್ಲ, ಕಣ್ಣು ಕಟ್ಟಿದವನನ್ನು ದೂರ ಬಿಡುವಂತಿಲ್ಲ. ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂತೆ. ಕಂಡಕ್ಟರು ಚೀಟಿ ಹರಿಯುತ್ತಾ, "ನಿಮ್ಮ ಮನೆಯೋರಾ ಅಮ್ಮ?" ಎಂದ. ಸಾಬರೇ ಕಣ್ಣುಕಟ್ಟಿನ ಕತ್ತಲಲ್ಲಿ ಕೈಯಾಡಿಸುತ್ತಾ, "ಇಲ್ಲಾ ಸಾಮಿ, ಇಲ್ಲ, ಅವ್ರು ನರ್ಸಮ್ಮನೋರು" ಎಂದು ಕೂಗಿ ಹೇಳಿದ. ಅದುವರೆಗೆ ನೋಡದಿದ್ದವರೂ ಆಗ ತಿರುಗಿ ನೋಡಿದರು.

ಮಧುಗಿರಿಯಲ್ಲಿ ಇಳಿದಾಗ ಬೆಟ್ಟದ ಬಂಡೆ ಕಾದು ಕೆಳಗಿನ ಬೀದಿಗೆಲ್ಲ ಧಗೆ ಬಿಡುತ್ತಿತ್ತು. ಕೈ ಹಿಡಿಯಬಾರದೆಂದು ನನ್ನ ಕೊಡೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಇನ್ನೊಂದು ತುದಿ ಹಿಡಿದು ನಡೆದೆ. ಕೋರ್ಟಿನ ಮುಂದೆ ಅವನು ಚರಂಡಿಯ ಕಲ್ಲು ಎಡವಿ ಮುಂದಕ್ಕೆ ಬಿದ್ದ. ಅಂಗೈ ತರಚಿತು. ಕಣ್ಣಿನ ಮೇಲೆ ಬಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನ ಕೈ ಹಿಡಿದೆ. ಹಾಗೆ ಹಿಡಿದುಕೊಂಡೇ ಬೀದಿ ದಾಟಿದೆ. ಕೊರಟಗೆರೆಯಲ್ಲಿ ನಮ್ಮ ಮನೆಯ ಹತ್ತಿರವಿದ್ದ ಮೇಷ್ಟರೊಬ್ಬರು ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದ್ದರು. ನಾನು ನಮಸ್ಕಾರ ಮಾಡಲು ಕೈ ಬಿಡಬೇಕಾಗಿತ್ತು, ಬಿಡಲಿಲ್ಲ. ಅವರೂ ಮಾತಾಡಿಸಲಿಲ್ಲ. ಈ ಸುದ್ದಿ ನನಗಿಂತ ಮೊದಲು ನಮ್ಮ ಮನೆ ತಲುಪಿತು, ಅಮ್ಮ ಬಹಳ ದಿನ ಅತ್ತಳು.

ಮಧುಗಿರಿ ಆಸ್ಪತ್ರೆಯ ಡಾಕ್ಟರು ಅವನನ್ನು ಮೇಜಿನ ಮೇಲೆ ಮಲಗಿಸಿ ಕಣ್ಣು ಮರಗಟ್ಟಿಸುವ ಹನಿ ಬಿಟ್ಟರು. ನನಗೆ ತಲೆ ಹಿಡಿದುಕೊಳ್ಳಲು ಹೇಳಿದರು. ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ. ಅವನು ಉರ್ದುವಿನಲ್ಲಿ ಪ್ರಾರ್ಥನೆಯಂಥದ್ದೇನೋ ಹೇಳಿಕೊಳ್ಳುತ್ತಿದ್ದ. ಡಾಕ್ಟರು ಟಾರ್ಚಿನ ಬೆಳಕಿನಲ್ಲಿ, ದಪ್ಪ ಭೂತಗಾಜು ಕಟ್ಟಿಕೊಂಡು, ಸೂಜಿಯ ಮೊನೆಯಿಂದ ಆ ಕರಿ ಬಿಂದುವನ್ನು ಅಂಚಿನಿಂದ ಎಬ್ಬಿಸಿದರು. ಒಮ್ಮೆಗೇ ಬರಲಿಲ್ಲ. ಬಂದಾಗ ಅದು ರಾಗಿಕಾಳಿನಷ್ಟೂ ಇರಲಿಲ್ಲ. ಅದು ಕೂತಿದ್ದ ಕಡೆ ಸುತ್ತಲೂ ತುಕ್ಕು ಹಿಡಿದಿತ್ತು. ಅದನ್ನೂ ಕೆರೆದು ತೆಗೆದರು.

"ಏನಾದರೂ ನಾಟಿ ಔಷಧಿ ಹಾಕಿದ್ರಾ?"

"ಎದೆಹಾಲು. ನಮ್ಮ ಜಗಲಿಯಲ್ಲೇ ಹಾಕಿದ್ದು" ಎಂದೆ. ಅವರು ನನ್ನ ಸಮವಸ್ತ್ರವನ್ನು ಒಮ್ಮೆ ನೋಡಿದರು. ನೆಲ ಬಿರಿಯಬಾರದೇ ಎನ್ನಿಸಿತು.

"ಕಣ್ಣು ಕೆಡಿಸಿದ್ದು ಈ ಚೂರು. ಹಾಲನ್ನ ಬೈಯೋದೂ ಬೇಡ, ಕಣ್ಣಿಗೆ ಹಾಕೋದೂ ಬೇಡ. ಹಾಲಿರೋದು ಕುಡಿಯೋದಕ್ಕೆ" ಎಂದು ಹೇಳಿ ಕೈ ತೊಳೆಯಲು ಹೋದರು. ಕಣ್ಣು ಉಳಿಯುತ್ತದೆ, ದೃಷ್ಟಿಯ ಮಾತು ಹೇಳಲಾಗದು, ಕೆಲವು ದಿನ ಇಲ್ಲೇ ಇರಲಿ ಎಂದರು. ಕಬ್ಬಿಣದ ಚೂರನ್ನು ಹತ್ತಿಯಲ್ಲಿ ಸುತ್ತಿಸಿಕೊಂಡು ನಾನು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗಿದೆ.

ಓಣಿಯ ಮನೆಯಲ್ಲಿ ಅತ್ತೆ ಹತ್ತಿಯನ್ನು ಬಿಚ್ಚಿ ಚೂರು ನೋಡಿದರು. ಬೆರಳಿನಿಂದ ಮುಟ್ಟಿಯೂ ನೋಡಿದರು.

"ಕಬ್ಬಿಣ ಬಿದ್ದಿದ್ದೂ ಇರ್ಬೋದು, ಹಾಲು ಕೆಟ್ಟಿದ್ದೂ ಇರ್ಬೋದು. ಇಲ್ಲ ಅಂತ ಹೆಂಗ್ ಹೇಳ್ತೀಯ? ನನ್ನ ಮೊಮ್ಮಗನ್ನ ಇಟ್ಕೊಂಡು ಪರೀಕ್ಷೆ ಮಾಡಾಕಾಯ್ತದಾ?"

ಅವರ ಜಾಗದಲ್ಲಿ ಯಾರಿದ್ದರೂ ಕೇಳುತ್ತಿದ್ದ ಮಾತೇ ಅದು. ಮಗು ಅಳುವುದನ್ನೂ ನಿಲ್ಲಿಸಿ ತುಟಿ ಮಾತ್ರ ಆಡಿಸುತ್ತಿತ್ತು.

"ಮಗುವನ್ನಿಟ್ಟು ಬೇಡಮ್ಮ. ನಾನು ಕುಡೀತೀನಿ" ಎಂದೆ.

ಬಿಸಿನೀರು ತರಿಸಿದೆ. ಬಾಣಂತಿಯ ಎದೆಯಿಂದ ಹೂವಿನ ಬಟ್ಟೆ ಬಿಚ್ಚಿ ಶಾಖ ಕೊಟ್ಟು, ಗಂಟುಗಳನ್ನು ಮೆಲ್ಲಗೆ ನೀವಿ ಹಾಲು ಇಳಿಸಿದೆ. ಅವಳು ನೋವಿಗೆ ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ. ಒಳಲೆ ತುಂಬಿತು. ಅಷ್ಟರಲ್ಲಿ ಓಣಿಯ ಹೆಂಗಸರು ಬಾಗಿಲು, ಕಿಟಕಿ ಎಲ್ಲ ತುಂಬಿದ್ದರು. ಯಾರೋ "ಅಯ್ಯೋ ಶಿವನೇ, ಮದ್ವೆ ಆಗ್ದಿರೋ ಹೆಣ್ಣು" ಎಂದರು. ನಾನು ಒಳಲೆಯನ್ನು ಬಾಯಿಗೆ ಹಿಡಿದೆ. ಹಾಲು ಬೆಚ್ಚಗಿತ್ತು, ಸಿಹಿಯಾಗಿತ್ತು. ಕೊನೆಯ ಹನಿಯವರೆಗೂ ಕುಡಿದೆ. ಬಾಣಂತಿ ಮುಖ ಮುಚ್ಚಿಕೊಂಡಳು.

"ಆಯ್ತಲ್ಲಮ್ಮ?" ಎಂದು ಏಳಲು ಹೋದೆ.

"ಕುಂತ್ಕೋ" ಎಂದರು ಅತ್ತೆ. "ದೀಪ ಹಚ್ಚೋಗಂಟ ಇಲ್ಲೇ ಕುಂತ್ಕೋ. ವಾಂತಿಗೀಂತಿ ಆಯ್ತದಾ ನೋಡಾನ."

ನಾನು ಚಾಪೆಯ ಮೇಲೆ ಕೂತೆ. ನನ್ನ ಕೆಲಸದ ಜೀವನದಲ್ಲಿ ಅಷ್ಟು ಉದ್ದವಾದ ಮಧ್ಯಾಹ್ನ ಇನ್ನೊಂದಿಲ್ಲ. ಬಂದವರು ಹೋದರು, ಹೋದವರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಹತ್ತಿರ ಬಗ್ಗಿ ನನ್ನ ಮುಖ ನೋಡಿದರು. "ಬೆವರ್ತಾ ಅವ್ಳೆ ಕಣೇ" ಎಂದು ಒಬ್ಬಳು, "ಅದು ಸೆಖೆ ಕಣೆ" ಎಂದು ಇನ್ನೊಬ್ಬಳು. ಕಿಸಕ್ಕನೆ ನಕ್ಕವರೂ ಇದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ನನ್ನ ಕಾಲುಗಳನ್ನೇ ನೋಡುತ್ತಾ ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ಮಗು ಸಣ್ಣಗೆ ಅಳತೊಡಗಿತು. ಆ ಸದ್ದಿಗೆ ಬಾಣಂತಿಯ ರವಿಕೆ ಎರಡೂ ಕಡೆ ನೆನೆಯಿತು. ಅವಳು ಅತ್ತೆಯನ್ನು ಕೇಳಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದು ಹೋಗಿ ಅತ್ತೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಎದೆಗೆ ಹಾಕಿಕೊಂಡಳು. ಅದು ಮೊದಲು ಹಿಡಿಯಲಿಲ್ಲ. ಆಮೇಲೆ ಹಿಡಿಯಿತು. ಅತ್ತೆಯ ಕೈಗಳು ಒಂದು ಗಳಿಗೆ ಹಾಗೇ ಖಾಲಿಯಾಗಿ ಚಾಚಿಕೊಂಡಿದ್ದವು. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ಅವರು ಎದ್ದು ನನಗೊಂದು ಚೆಂಬು ನೀರು ತಂದುಕೊಟ್ಟು, ಬಾಗಿಲಲ್ಲಿದ್ದವರಿಗೆ "ನಿಮ್ಗೆ ಮನೇಲಿ ಗೇಯ್ಮೆ ಇಲ್ವಾ?" ಎಂದು ಗದರಿದರು.

ಸಿರಾದಿಂದ ಬಂದ ಮೇಸ್ತ್ರಿ ಸುದ್ದಿ ತಿಳಿದು ನಮ್ಮ ಗೇಟಿನಾಚೆ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಹಡಗಿನ ಕೆಲ್ಸದಾಗೆ ಸಾಯಂಕಾಲ ಆದ್ರೆ ಕಣ್ಣುರಿ ಬಂದೋರು ಸಾಲಾಗಿ ಕುಂತಿರ್ತಿದ್ರಮ್ಮ. ಕಾಂಪೌಂಡರು ಹನಿ ಬಿಟ್ಕೊಂಡು ಹೋಗ್ತಿದ್ದ. ದಿನಾ ಇದ್ದದ್ದೇ. ಒಂದಿನ ಪಕ್ಕದವನ ಕಣ್ಣು ಹಿಂಗೇ ಚೂರು ಬಿದ್ದು ಹೋಯ್ತು. ಅವನ ಜಾಗಕ್ಕೆ ಮಾರನೇ ದಿನ ಇನ್ನೊಬ್ಬ ಬಂದ. ನಾನೂ ಅದನ್ನ ಮರ್ತೇಬಿಟ್ಟೆ" ಎಂದ. ಸ್ವಲ್ಪ ತಡೆದು, "ಗಾಜು ಇರೋದು ಒಂದೇ. ಅದು ನನ್ ಕೈಯಾಗೇ ಇತ್ತು" ಎಂದು ತಲೆ ತಗ್ಗಿಸಿದ.

ಪಟ್ಟಿ ಹಿಡಿಯುವವರಿಗೆ ಕಪ್ಪು ಗಾಜು, ಉಳಿ ಹೊಡೆಯುವವನಿಗೆ ಬಿಳಿ ಗಾಜಿನ ಕನ್ನಡಕ ಬೇಕೆಂದು ಡಾಕ್ಟರು ಹೇಳಿದ್ದನ್ನು ಅವನಿಗೆ ತಿಳಿಸಿದೆ. ಮಾರನೆಯ ದಿನದಿಂದ ಎಂಜಿನ್ನಿನ ಸದ್ದು ನಿಂತಿತು. ಗುತ್ತಿಗೆದಾರ ಬಂದು ಕೂಗಾಡಿದ್ದು ನಮ್ಮ ವಾರ್ಡಿಗೇ ಕೇಳಿಸಿತು. ಮೇಸ್ತ್ರಿ ಅರ್ಧ ಎದ್ದ ಕಂಬದ ಬುಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ, ಜಗ್ಗಲಿಲ್ಲ. ಸಂತೆ ಎರಡು ಸಲ ಬಯಲಲ್ಲೇ ನಡೆದ ಮೇಲೆ ಗಾಜುಗಳು ಬಂದವು. ಎಂಜಿನ್ನು ಮತ್ತೆ ಶುರುವಾಯಿತು.

ಊರಿನಲ್ಲಿ ನನಗೆ ಹಾಲು ಕುಡಿದ ನರ್ಸಮ್ಮ ಎಂಬ ಹೆಸರು ನಿಂತಿತು. ಮಕ್ಕಳು ಬೇಲಿಯಾಚೆಯಿಂದ ಕೂಗಿ ಓಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಚಾಪೆಯ ಮೇಲೆ ಕೂತ ಆ ಮಧ್ಯಾಹ್ನ ಮೈಮೇಲೆ ಬಂದಂತಾಗುತ್ತಿತ್ತು. ಮಾಡಿದ್ದು ತಪ್ಪೆಂದು ಒಮ್ಮೆಯೂ ಅನ್ನಿಸಲಿಲ್ಲ. ಆದರೂ ನಾಚಿಕೆ ಹೋಗಲಿಲ್ಲ.

ಸಾಬರು ಶೆಡ್ಡಿಗೆ ತಗಡು ಹೊದಿಸುವ ಹೊತ್ತಿಗೆ ಹಿಂತಿರುಗಿದ. ಕಣ್ಣಿಗೆ ಹೂವು ಬಿದ್ದಿತ್ತು. ಕಪ್ಪು ಗುಡ್ಡೆಯ ಮೇಲೆ ಬಿಳಿ ಮಚ್ಚೆ, ಅದು ಹೋಗುವಂಥದ್ದಲ್ಲ. ಔಷಧದ ಹನಿಗೆಂದು ನಮ್ಮಲ್ಲಿಗೆ ಬಂದಾಗ ಟವೆಲನ್ನು ಮುಖದ ಬಲಭಾಗಕ್ಕೆ ಇಳಿಬಿಟ್ಟುಕೊಂಡಿರುತ್ತಿದ್ದ. ಹಿಂದಿನ ಓಣಿಯ ದಾರಿ ಹತ್ತಿರವಿದ್ದರೂ ಮೈದಾನ ಸುತ್ತಿ ಬರುತ್ತಿದ್ದ.

ಒಂದು ಸಂತೆಯ ದಿನ ಅವನು ಜಗಲಿಯಲ್ಲಿ ಕೂತಿದ್ದಾಗ ಆ ಬಾಣಂತಿ ಮಗುವನ್ನು ತೂಕ ಮಾಡಿಸಲು ಬಂದಳು. ಅವಳನ್ನು ಗುರುತಿಸಿ ಅವನು ಎದ್ದು ಹೋಗಲು ನೋಡಿದ. ಮೆಟ್ಟಿಲಲ್ಲಿ ಅವಳೇ ನಿಂತಿದ್ದಳು.

"ಟವಲ್ ತೆಗಿಯಣ್ಣ. ಒಂದ್ಸಲ ನೋಡ್ತೀನಿ" ಎಂದಳು.

ಅವನು ತೆಗೆದ. ಅವಳು ನೋಡಿದಳು.

"ಕಾಣ್ತದಾ?"

"ಬೆಳಕು ಕಾಣ್ತೈತಮ್ಮ. ಆಳು ಕಾಣಲ್ಲ."

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಹಾಲಿಂದಾನಾ ಅಣ್ಣ?" ಎಂದಳು.

"ಕಬ್ಬಿಣ ಅಮ್ಮಾ, ಕಬ್ಬಿಣ" ಎಂದ ಅವನು. ಅಷ್ಟಕ್ಕೇ ಬಿಡಲಿಲ್ಲ. ಜಗಲಿಯ ಅಂಚಿಗೆ ಬಂದು ಸಂತೆಯ ಕಡೆಗೆ, ಕಾಫಿ ಹೋಟೆಲಿನ ಬೆಂಚಿನ ಕಡೆಗೆ ತಿರುಗಿದ. ಮಾತಾಡಲೂ ಹಿಂಜರಿಯುತ್ತಿದ್ದ ಆ ಮನುಷ್ಯ ಗಂಟಲು ಕಿತ್ತುಹೋಗುವಂತೆ, "ಕಬ್ಬಿಣ! ಕೇಳುಸ್ತಾ ಎಲ್ರಿಗೂ? ನನ್ ಕಣ್ಣು ತಿಂದಿದ್ದು ಕಬ್ಬಿಣ! ನಾನು ಅಂದಿದ್ದು ಸುಳ್ಳು!" ಎಂದು ಕೂಗಿದ. ತೂಕ ಹಾಕುತ್ತಿದ್ದವರ ಕೈ ನಿಂತಿತು. ಬೆಂಚಿನ ಮೇಲಿದ್ದವರು ಲೋಟ ಕೆಳಗಿಟ್ಟರು.

ಬಾಣಂತಿ ಹೆಗಲ ಮೇಲಿದ್ದ ಮಗುವಿನ ತಲೆಗೆ ಸೆರಗು ಎಳೆದುಕೊಂಡಳು.

"ಅಷ್ಟು ಜೋರಾಗ್ ಬ್ಯಾಡಣ್ಣ" ಎಂದಳು. "ಈಗಿನ್ನೂ ಹಾಲು ಕುಡ್ದು ಮಲಗೈತೆ."